ಎಸ್ಕಿಲನ ಇಪ್ಪತ್ತೆಂಟು ಇಂಚು

ಎಸ್ಕಿಲ್ ಬ್ಯೂರ್ಲಿಂಗನಿಗೆ ಸೊಂಟ ನೋವು ಶುರುವಾಗಿದೆ ಎಂಬ ವಿಷಯ ಹುಲ್ಟಬೂ ಗ್ರಾಮದಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿತ್ತು. ಅವನ ಹೆಂಡತಿ ಗುನ್‌ವೋರಳಿಗೂ ಗೊತ್ತಿತ್ತು. ಆದರೆ ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗಂಡ ಬೆಳಿಗ್ಗೆ ಎದ್ದು, ಕಾಲುಚೀಲವನ್ನು ನೆಲದ ಮೇಲೆ ಬಾಯಿ ತೆರೆದು ನಿಲ್ಲಿಸಿ, ಮೇಲಿನಿಂದ ಗುರಿಯಿಟ್ಟು ಅದರೊಳಗೆ ಕಾಲು ತೂರಿಸುವುದನ್ನು ಅವಳು ಚಳಿಗಾಲದುದ್ದಕ್ಕೂ ಹಾಸಿಗೆಯಿಂದಲೇ ನೋಡಿದ್ದಳು. ಒಂದು ಮಾತೂ ಆಡಿರಲಿಲ್ಲ. ಗಂಡ ತಾನಾಗಿ ಬಾಯಿ ಬಿಡುವ ತನಕ ಕಾಯುವುದರಲ್ಲಿ ಅವಳು ಒಂದು ಬಗೆಯ ಸುಖ ಕಂಡುಕೊಂಡಿದ್ದಳು.

ನಮ್ಮ ಸ್ಮೋಲಂಡ್ ಸೀಮೆಯ ಗಂಡಸು ಹೃದಯದ ಆಪರೇಷನ್ ಆದರೆ ಅಂಗಿ ಬಿಚ್ಚಿ ಹೊಲಿಗೆ ತೋರಿಸುತ್ತಾನೆ. ಮೊಣಕಾಲಿಗೆ ಲೋಹದ ಚಿಪ್ಪು ಹಾಕಿಸಿಕೊಂಡರೆ ಅದರ ತೂಕ ಹೇಳಿಕೊಂಡು ತಿರುಗುತ್ತಾನೆ. ಸೊಂಟ ನೋವು ಎಂದು ಮಾತ್ರ ಸತ್ತರೂ ಹೇಳುವುದಿಲ್ಲ. ಯಾಕೆಂದರೆ ಸೊಂಟ ಹೋಯಿತು ಎಂದರೆ ಕಾಡಿನ ಕೆಲಸ ಹೋಯಿತು, ಕಾಡಿನ ಕೆಲಸ ಹೋಯಿತು ಎಂದರೆ ಕಾಡು ಮಾರುವ ಕಾಲ ಬಂತು ಎಂದು ಊರು ತೀರ್ಮಾನಿಸಿಬಿಡುತ್ತದೆ. ಮರುದಿನವೇ ಯಾರಾದರೂ ಬಾಗಿಲಿಗೆ ಬಂದು, ಹವಾಮಾನದ ಬಗ್ಗೆ ಸಾಕಷ್ಟು ಮಾತಾಡಿ, ಹೊರಡುವಾಗ ಬಾಗಿಲ ಚಿಲಕ ಹಿಡಿದುಕೊಂಡು, "ಆ ಉತ್ತರದ ಕಡೆಯ ತುಂಡು ಏನು ಮಾಡಬೇಕು ಅಂತಿದ್ದೀಯಪ್ಪ?" ಎಂದು ಕೇಳುತ್ತಾರೆ.

ಎಸ್ಕಿಲನದ್ದು ದೊಡ್ಡ ಕಾಡೇನೂ ಅಲ್ಲ. ಮನೆಯ ಹಿಂದೆ ಸೂಜಿಯಂಥ ಎಲೆಯ ಒಂದಿಷ್ಟು ಸ್ಪ್ರೂಸ್ ಮರಗಳು. ಕಿಟಕಿ ಮಾಡುವ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತನಾದ ಮೇಲೆ ಆ ಮರಗಳೇ ಅವನ ಉದ್ಯೋಗ, ಅವನ ಕ್ಲಬ್ಬು, ಅವನ ಇಗರ್ಜಿ. ಈ ವರ್ಷ ತೊಗಟೆ ಕೊರೆಯುವ ಹುಳು ಬಿದ್ದು, ಒಣಗಿದ ಮರಗಳನ್ನು ಬೇಸಿಗೆಗೆ ಮೊದಲೇ ಕಡಿದು ಹೊರಗೆ ಹಾಕಬೇಕಿತ್ತು. ಮರ ಬೀಳಿಸುವುದು ಕಷ್ಟವಾಗಿರಲಿಲ್ಲ. ಬಿದ್ದ ಮರದ ಕೊಂಬೆ ಸವರುವುದು ಕಷ್ಟವಾಗಿತ್ತು. ಬಿದ್ದ ಮರ ಮೊಣಕಾಲಿನ ಕೆಳಗೆ ಇರುತ್ತದೆ. ಎಸ್ಕಿಲನ ಹಳೆಯ ಮೋಟಾರ್ ಗರಗಸ ಮೋಟು. ನಡುವಿನ ಅಂತರವನ್ನು ಸೊಂಟವೇ ಬಗ್ಗಿ ತುಂಬಿಕೊಡಬೇಕು.

ಹೀಗಿರುವಾಗ ಅವನು ಫೋನಿನಲ್ಲಿ ಒಂದು ವಿಡಿಯೊ ನೋಡಿದ. ಕೆನಡಾ ದೇಶದ ಒಬ್ಬ ಗಡ್ಡದವನು ಒಂದು ಗರಗಸ ಹಿಡಿದಿದ್ದ. ಗರಗಸದ ಮೂತಿಯಿಂದ ಮುಂದಕ್ಕೆ ಚಾಚಿಕೊಂಡು, ಹಲ್ಲಿನ ಸರಪಳಿಯನ್ನು ತನ್ನ ಸುತ್ತ ಓಡಿಸುವ ಪಟ್ಟಿಗೆ ಬಾರ್ ಎನ್ನುತ್ತಾರಲ್ಲ, ಆ ಮಹಾಶಯನ ಬಾರು ಕತ್ತಿಯಷ್ಟು ಉದ್ದವಿತ್ತು. ಅವನು ಮದುವೆ ಮನೆಯಲ್ಲಿ ಫೋಟೊಗೆ ನಿಂತವನಂತೆ ನೆಟ್ಟಗೆ ನಿಂತು, ಶಿಳ್ಳೆ ಹಾಕುತ್ತಾ, ನೆಲದ ಮೇಲಿನ ಮರದ ಕೊಂಬೆಗಳನ್ನು ಸವರುತ್ತಾ ನಡೆದುಹೋದ. ಎಲ್ಲಿಯೂ ಬಗ್ಗಲಿಲ್ಲ. ಎಸ್ಕಿಲ್ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದ. ಅವನ ಕಣ್ಣಲ್ಲಿ ನೀರು ಬಂತು ಎಂದರೆ ಅತಿಶಯೋಕ್ತಿಯಾದೀತು, ಆದರೆ ಮೂಗಂತೂ ಒರೆಸಿಕೊಂಡ.

ಮರುದಿನ ಅವನು ರೂನೆಯ ಅಂಗಡಿಗೆ ಹೋದ. ರೂನೆ ಗರಗಸ, ಹುಲ್ಲು ಕತ್ತರಿಸುವ ಯಂತ್ರ, ರಬ್ಬರ್ ಬೂಟು ಮತ್ತು ನಾಯಿ ಆಹಾರ ಮಾರುವ ಮನುಷ್ಯ. ಸಾಮಾನು ಮಾರುವುದಕ್ಕಿಂತ ಸಾಮಾನು ಬೇಡ ಎನ್ನುವುದರಲ್ಲೇ ಅವನಿಗೆ ಹೆಚ್ಚು ಖುಷಿ.

"ಉದ್ದನೆ ಬಾರಿನ ಗರಗಸ ಬೇಕು," ಎಂದ ಎಸ್ಕಿಲ್.

"ಎಷ್ಟು ಉದ್ದ?"

"ಎಷ್ಟಿದೆ?"

ರೂನೆ ಕನ್ನಡಕ ತೆಗೆದು ಅವನನ್ನು ನೋಡಿದ. "ನೋಡು ಎಸ್ಕಿಲ್, ಬಾರು ಅನ್ನೋದು ಮರ ನೋಡಿ ತಗೋಳೋದು. ನಿಂದೆಲ್ಲ ಸ್ಪ್ರೂಸು. ಹದಿನೈದು ಇಂಚು ಸಾಕೋ ಸಾಕು. ಬೇಕಂದ್ರೆ ಹದಿನೆಂಟು. ಬಾರು ಉದ್ದ ಆದಷ್ಟೂ ಎಂಜಿನ್ ದೊಡ್ಡದು ಬೇಕು, ತೂಕ ಜಾಸ್ತಿ, ಹರಿತ ಮಾಡೋಕೆ ಹಲ್ಲು ಜಾಸ್ತಿ. ತುದಿ ಎಲ್ಲಿ ಹೋಗಿ ಏನಕ್ಕೆ ತಾಗತ್ತೆ ಅಂತ ಗೊತ್ತಾಗಲ್ಲ, ತಾಗಿದ್ರೆ ಗರಗಸ ವಾಪಸ್ ನಿನ್ನ ಮುಖದ ಕಡೆಗೇ ಹಾರತ್ತೆ. ಯಾಕೆ ಬೇಕು ನಿಂಗೆ?"

ಆಗ ಎಸ್ಕಿಲ್ ಸತ್ಯವನ್ನೇ ಹೇಳಬೇಕೆಂದು ಬಾಯಿ ತೆರೆದಿದ್ದ. ಇದನ್ನು ನಾವು ಅವನ ಪರವಾಗಿ ದಾಖಲಿಸಲೇಬೇಕು. ಆದರೆ ಅದೇ ಗಳಿಗೆಯಲ್ಲಿ ಅವನ ಬೆನ್ನ ಹಿಂದೆ ಡಾಗ್ನಿ ಬಂದು ನಿಂತಳು. ಡಾಗ್ನಿ ಎಂದರೆ ನಮ್ಮ ಊರಿನ ರಸ್ತೆ ಸಂಘದ ಅಧ್ಯಕ್ಷೆ. ಎಪ್ಪತ್ತು ದಾಟಿದವಳು. ನೆಲದ ಮೇಲಿದ್ದ ನಾಯಿ ಆಹಾರದ ದೊಡ್ಡ ಮೂಟೆಯನ್ನು ಬಗ್ಗಿ ಎತ್ತಿ ಹೆಗಲ ಮೇಲೆ ಹಾಕಿಕೊಂಡು, "ಏನಪ್ಪಾ ಎಸ್ಕಿಲ್, ಹೊಸ ಗರಗಸವಾ?" ಎಂದಳು. ಉಸಿರು ಕೂಡ ಏರಲಿಲ್ಲ.

ಅವಳ ಮುಂದೆ ನಿಂತು ಸೊಂಟ ನೋವು ಎನ್ನುವುದು ಹೇಗೆ? ಎಸ್ಕಿಲ್ ಎದೆ ಸೆಟೆಸಿದ.

"ಹೌದು," ಎಂದ. "ದಪ್ಪ ಮರ ಒಂದಿದೆ. ಅದಕ್ಕೆ."

ರೂನೆ ಕನ್ನಡಕ ಹಾಕಿಕೊಂಡ. ಡಾಗ್ನಿ ಮೂಟೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಯಾರೂ ಏನೂ ಕೇಳಲಿಲ್ಲ. ರೂನೆ ಒಳಗೆ ಹೋಗಿ ಇಪ್ಪತ್ತೆಂಟು ಇಂಚಿನ ಬಾರಿನ, ಕರುವಿನ ಗಾತ್ರದ ಎಂಜಿನ್ನಿನ ಗರಗಸವನ್ನು ಎರಡು ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲೆ ಇಟ್ಟ.

ಇಲ್ಲಿ ಊರಿನ ಒಂದು ಗುಣ ಹೇಳಬೇಕು. ಹುಲ್ಟಬೂದಲ್ಲಿ ಯಾರ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ; ಆದರೆ ಯಾರ ಜಮೀನಿನಲ್ಲಿ ಎಂಥ ಮರವಿದೆ, ಅದರ ಬುಡ ಎಷ್ಟು ದಪ್ಪ ಎಂಬುದು ಪ್ರತಿಯೊಬ್ಬರಿಗೂ ಬಾಯಿಪಾಠ. ಹಾಗಾಗಿ ಯಾರೇ ಗರಗಸ ಕೊಂಡರೂ ಬಾರಿನ ಉದ್ದ ಕೇಳಿದರೆ ಸಾಕು, ಯಾವ ಮರದ ಆಯಸ್ಸು ಮುಗಿಯಿತು ಎಂದು ಊರು ಲೆಕ್ಕ ಹಾಕಿಬಿಡುತ್ತದೆ. ಎಸ್ಕಿಲನ ಸ್ಪ್ರೂಸ್ ಮರಗಳಲ್ಲಿ ಅತಿ ದಪ್ಪನೆಯದು ಅಂದರೆ ಡಾಗ್ನಿಯ ಸೊಂಟದಷ್ಟು. ಇಪ್ಪತ್ತೆಂಟು ಇಂಚಿನ ಬಾರನ್ನು ಎರಡೂ ಕಡೆಯಿಂದ ತೂರಿಸಿದರೆ ಅದರ ದುಪ್ಪಟ್ಟು ದಪ್ಪದ ಮರ ಉರುಳುತ್ತದೆ. ಅಷ್ಟು ದಪ್ಪದ ಮರ ಎಸ್ಕಿಲನ ನೆಲದಲ್ಲಿ ಒಂದೇ ಒಂದು. ಅದೂ ಅರ್ಧ.

ಆ ಮರವೇ ಲಿಂಡೆನ್. ಎಸ್ಕಿಲನ ಅಂಗಳಕ್ಕೂ ಪಕ್ಕದ ಮನೆಯ ಆಲ್ಗೋತನ ಅಂಗಳಕ್ಕೂ ನಡುವಿನ ಗಡಿಯ ಮೇಲೆ ಅದು ಸರಿಯಾಗಿ ಅರ್ಧರ್ಧ ನಿಂತಿತ್ತು. ಎರಡೂ ಮನೆಯನ್ನು ಕಾಯುವ ಮರ. ಅದರ ಕೊಂಬೆ ಮುರಿದರೂ ಮನೆಗೆ ಒಳ್ಳೆಯದಲ್ಲ ಎಂದು ನಂಬಿದವರು ಇನ್ನೂ ಇದ್ದಾರೆ. ಅದರ ಬುಡದಲ್ಲಿ ಒಂದು ಬೆಂಚು. ಬೆಂಚಿನ ಕಾಲುಗಳು ವರ್ಷದಿಂದ ವರ್ಷಕ್ಕೆ ಮಣ್ಣಿನೊಳಗೆ ಇಳಿದು, ಈಗ ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ಪ್ರತಿ ಶನಿವಾರ ಊಟವಾದ ಮೇಲೆ ಎಸ್ಕಿಲ್ ಮತ್ತು ಆಲ್ಗೋತ್ ಆ ಬೆಂಚಿನ ಮೇಲೆ ಕಾಫಿಗೆ ಕೂತರೆ, ಸಂಜೆ ಸೊಳ್ಳೆ ಬಂದು ಕಚ್ಚುವ ತನಕ ಏಳುತ್ತಿರಲಿಲ್ಲ. ಫ್ಲಾಸ್ಕು ಖಾಲಿಯಾಗುತ್ತಿತ್ತು, ಮಾತು ಖಾಲಿಯಾಗುತ್ತಿತ್ತು, ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ಅಂಥ ಸ್ನೇಹ ಇನ್ನೆಲ್ಲೂ ಇಲ್ಲವೆಂದು ಊರೆಲ್ಲ ಹೇಳುತ್ತಿತ್ತು. ಪಾದ್ರಿ ಒಂದು ಮದುವೆಯಲ್ಲಿ ಆ ಬೆಂಚಿನ ಉದಾಹರಣೆ ಕೊಟ್ಟು ಗಂಡು ಹೆಣ್ಣಿಗೆ ಬುದ್ಧಿ ಹೇಳಿದ್ದುಂಟು.

ಅಂಥ ಮರವನ್ನು ಎಸ್ಕಿಲ್ ಕಡಿಯುತ್ತಾನೆ ಎಂಬ ಸುದ್ದಿ, ಅವನು ಗರಗಸ ಹೊತ್ತು ಮನೆ ಮುಟ್ಟುವ ಮೊದಲೇ ಊರು ಸುತ್ತಿ ಬಂದಿತ್ತು. ನಿಜವೇ ಎಂದು ಅವನನ್ನೇ ಕೇಳಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ನಮ್ಮಲ್ಲಿ ನೇರವಾಗಿ ಕೇಳುವ ಪದ್ಧತಿ ಇಲ್ಲ. ನೇರವಾಗಿ ಕೇಳಿದರೆ ಅದು ಜಗಳ.

ಗುನ್‌ವೋರ್ ಮನೆಯ ಮೆಟ್ಟಿಲ ಮೇಲೆ ನಿಂತು ಗರಗಸವನ್ನು ನೋಡಿದಳು.

"ಇದೇನು, ದೋಣಿ ತಗೊಂಡ್ಯಾ? ಹುಟ್ಟು ಮಾತ್ರ ಕೊಟ್ಟು ಕಳಿಸಿದ್ದಾರೆ."

"ಗರಗಸ. ಇದರಲ್ಲಿ ಕೆಲಸ ಬೇಗ ಆಗತ್ತೆ."

"ಬೇಗನೋ ಸುಲಭನೋ?"

"ಬೇಗ," ಎಂದ ಎಸ್ಕಿಲ್ ಖಡಾಖಂಡಿತವಾಗಿ.

ಕೆನಡಾದ ಗಡ್ಡದವನು ಒಂದು ವಿಷಯ ಹೇಳಿರಲಿಲ್ಲ. ಉದ್ದನೆಯ ಬಾರು ಬಗ್ಗುವುದನ್ನು ತಪ್ಪಿಸುತ್ತದೆ ನಿಜ. ಆದರೆ ಅಷ್ಟು ಭಾರವನ್ನು ಕೈಚಾಚಿ ಮುಂದೆ ಹಿಡಿದುಕೊಂಡು ನಿಲ್ಲುವ ಕೆಲಸವನ್ನೂ ಸೊಂಟವೇ ಮಾಡಬೇಕು. ಎಸ್ಕಿಲ್ ಕಾಡಿಗೆ ಹೋಗಿ, ಒಂದು ಮರದ ಕೊಂಬೆಗಳನ್ನು ರಾಜಠೀವಿಯಲ್ಲಿ ನೆಟ್ಟಗೆ ನಿಂತು ಸವರಿದ. ಎರಡನೆಯದನ್ನು ಸ್ವಲ್ಪ ಓರೆಯಾಗಿ ನಿಂತು ಸವರಿದ. ಮೂರನೆಯದನ್ನು ನೋಡಿ, ಅದು ಅಲ್ಲೇ ಇರಲಿ ಎಂದು ಬಿಟ್ಟು ಬಂದ. ಆದರೂ ಸೋಲು ಒಪ್ಪಲಿಲ್ಲ. ಗರಗಸ ಹರಿತವಿಲ್ಲ ಎಂದು ತೀರ್ಮಾನಿಸಿ, ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ, ತೊಡೆಯ ಮೇಲೆ ಗರಗಸವಿಟ್ಟುಕೊಂಡು ಅದರ ಹಲ್ಲು ಮಸೆಯಲು ಕೂತ. ಹಲ್ಲುಗಳಿಗೆ ಕೊನೆಯಿರಲಿಲ್ಲ. ಕುತ್ತಿಗೆ ಹಿಡಿದುಕೊಂಡಿದ್ದರಿಂದ ಅವನು ಒಂದೇ ದಿಕ್ಕಿಗೆ ಮುಖ ಮಾಡಿ ಕೂರಬೇಕಾಗಿತ್ತು. ಆ ದಿಕ್ಕಿನಲ್ಲಿ ಲಿಂಡೆನ್ ಮರವಿತ್ತು.

ರಸ್ತೆಯಲ್ಲಿ ಹೋಗುವವರು ನೋಡಿದರು. ಮರವನ್ನೇ ದಿಟ್ಟಿಸುತ್ತಾ, ಹಲ್ಲು ಕಚ್ಚಿಕೊಂಡು, ಗರಗಸದ ಒಂದೊಂದೇ ಹಲ್ಲನ್ನು ಕೀಚ್ ಕೀಚ್ ಎಂದು ಮಸೆಯುತ್ತಿರುವ ಮನುಷ್ಯ. ಸೈಕಲ್ಲಿನವರು ಇಳಿದು ನಡೆದುಹೋದರು. ಕಾರಿನವರು ಹಾರ್ನ್ ಹಾಕಲಿಲ್ಲ.

ಆ ವಾರ ಅವರ ಮನೆಗೆ ಓಸ್ಟ್‌ಕಾಕ ಬರತೊಡಗಿತು. ಹಾಲು ಒಡೆಸಿ, ಮೊಟ್ಟೆ ಬಾದಾಮಿ ಹಾಕಿ ಒಲೆಯಲ್ಲಿ ಬೇಯಿಸುವ ಈ ಗಿಣ್ಣಿನಂಥ ತಿಂಡಿಯನ್ನು ನಮ್ಮಲ್ಲಿ ಮದುವೆಗೆ ಒಯ್ಯುತ್ತಾರೆ, ಇಲ್ಲವೇ ಸಾವಿಗೆ. ಮೊದಲನೆಯದನ್ನು ತಂದವಳು ರೂನೆಯ ಹೆಂಡತಿ. ಎರಡನೆಯದು ಹಾಲಿನ ಡೈರಿಯವರ ಮನೆಯದು. ಗುನ್‌ವೋರ್ ಎರಡನ್ನೂ ಮೇಜಿನ ಮೇಲೆ ಇಟ್ಟು ಗಂಡನನ್ನು ಕೇಳಿದಳು:

"ಯಾರಪ್ಪ ಸತ್ತಿದ್ದು?"

"ಯಾರೂ ಇಲ್ಲ. ಗೌರವ ಕಣೇ, ಗೌರವ. ದೊಡ್ಡ ಗರಗಸ ಬಂದ ಮೇಲೆ ಜನ ನನ್ನ ನೋಡೋ ರೀತೀನೇ ಬದಲಾಗಿದೆ. ಗಮನಿಸಿಲ್ವಾ ನೀನು?"

"ಗಮನಿಸಿದೀನಿ," ಎಂದಳು ಗುನ್‌ವೋರ್.

ಮೂರನೆಯದನ್ನು ಖುದ್ದು ಡಾಗ್ನಿಯೇ ತಂದಳು. ಕೂತು, ಕಾಫಿ ಕುಡಿದು, ಹುಳದ ವಿಷಯ, ಮಳೆಯ ವಿಷಯ ಮುಗಿಸಿ ಕಿಟಕಿಯ ಆಚೆ ನೋಡಿದಳು.

"ಲಿಂಡೆನ್ ಚಿಗುರಿದೆ. ಹೂ ಬಿಟ್ಟಾಗ ಎಂಥ ಪರಿಮಳ ಅಲ್ವಾ ಎಸ್ಕಿಲ್?"

"ಪರಿಮಳ ಏನೋ ಸರಿ. ಜೇನ್ನೊಣದ ಕಾಟ."

ಡಾಗ್ನಿಯ ಕೈಯ ಕಪ್ಪು ಗಾಳಿಯಲ್ಲೇ ನಿಂತಿತು. "ನೆರಳಾದ್ರೂ ಚೆನ್ನಾಗಿದೆ."

"ನೆರಳು ಜಾಸ್ತೀನೇ ಆಯ್ತು. ಅಡುಗೆ ಮನೇಲಿ ಹಗಲಲ್ಲೇ ದೀಪ ಹಾಕ್ಬೇಕು. ಎಲೆ ಎಲ್ಲ ಬಂದು ಮಾಡಿನ ನೀರು ಹೋಗೋ ದೋಣಿ ಕಟ್ಕೊಳತ್ತೆ. ಏಣಿ ಹತ್ತಿ ಬಗ್ಗಿ ಬಗ್ಗಿ..." ಎಂದು ಶುರು ಮಾಡಿದವನು ಬಗ್ಗುವ ಮಾತು ಬಂದೊಡನೆ ಗಕ್ಕನೆ ನಿಲ್ಲಿಸಿ, "ಇರಲಿ ಬಿಡಿ, ಎಲ್ಲದಕ್ಕೂ ಒಂದು ಕೊನೆ ಇರತ್ತೆ," ಎಂದ.

ಡಾಗ್ನಿ ಕಪ್ಪು ಕೆಳಗಿಟ್ಟಳು. ಓಸ್ಟ್‌ಕಾಕದ ಮೇಲೆ ಜಾಮ್ ಹಾಕಿಕೊಳ್ಳುವುದನ್ನೂ ಮರೆತು ಎದ್ದು ಹೋದಳು.

ಶನಿವಾರ ಬಂತು. ಎಸ್ಕಿಲ್ ಫ್ಲಾಸ್ಕು, ಎರಡು ಕಪ್ಪು, ದಾಲ್ಚಿನ್ನಿ ಬನ್ನು ತೆಗೆದುಕೊಂಡು ಬೆಂಚಿಗೆ ಹೋಗಿ ಕೂತ. ಆಲ್ಗೋತ್ ಬರಲಿಲ್ಲ. ಅವನ ಅಡುಗೆ ಮನೆಯ ಕಿಟಕಿಯಲ್ಲಿ ಪರದೆ ಅಲುಗಿತು, ಅಷ್ಟೆ. ಎಸ್ಕಿಲ್ ತನ್ನ ಕಪ್ಪು ಕುಡಿದ. ಗೆಳೆಯನ ಕಪ್ಪಿಗೂ ಹಾಕಿ, ಅದು ಆರಿದ ಮೇಲೆ ಅದನ್ನೂ ಕುಡಿದ. ಮೊದಲು ಸಿಟ್ಟು ಬಂತು. ಗರಗಸ ನೋಡಿ ಹೊಟ್ಟೆಕಿಚ್ಚು, ಇನ್ನೇನು! ಆಲ್ಗೋತನದ್ದೂ ಹದಿನೈದು ಇಂಚಿನದ್ದೇ ಅಲ್ಲವೇ. ಸಿಟ್ಟು ಇಳಿದ ಮೇಲೆ ಬೇಜಾರಾಯಿತು. ಆಲ್ಗೋತನ ಹೆಂಡತಿ ತೀರಿಕೊಂಡ ವಾರವೂ ಅವನು ಬೆಂಚಿಗೆ ಬಂದಿದ್ದ. ಏನೂ ಮಾತಾಡದೆ ಕಾಫಿ ಕುಡಿದಿದ್ದ. ಅಂಥವನು ಒಂದು ಯಂತ್ರಕ್ಕಾಗಿ ಬರಲಿಲ್ಲ. ಎಸ್ಕಿಲ್ ಬನ್ನನ್ನು ಹಾಗೇ ಬೆಂಚಿನ ಮೇಲೆ ಇಟ್ಟ.

ಒಳಗೆ ಹೋಗೋಣವೆಂದರೆ ಏಳಲಾಗಲಿಲ್ಲ. ಆ ತಗ್ಗು ಬೆಂಚು, ಆ ಸೊಂಟ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವನು ಬೆಂಚಿನ ಮೇಲೆಯೇ ಹಿಂದಕ್ಕೆ ತಿರುಗಿ, ಲಿಂಡೆನ್ ಮರವನ್ನು ಎರಡೂ ತೋಳಿನಿಂದ ತಬ್ಬಿ, ಕೆನ್ನೆ ಒತ್ತಿ, ಇಷ್ಟಿಷ್ಟೇ ಮೇಲಕ್ಕೆ ಜರುಗಿ ನಿಂತ. ನಿಂತ ಮೇಲೂ ಉಸಿರು ಸರಿಹೋಗುವ ತನಕ ತಬ್ಬಿಕೊಂಡೇ ಇದ್ದ.

ಪರದೆಯ ಹಿಂದಿನಿಂದ ಆಲ್ಗೋತ್ ಇದೆಲ್ಲವನ್ನೂ ನೋಡಿದ. ಅವನಿಗೆ ಅರ್ಥವಾದದ್ದು ಒಂದೇ: ಎಸ್ಕಿಲ್ ಮರದ ಸುತ್ತಳತೆ ತೆಗೆಯುತ್ತಿದ್ದಾನೆ.

ಮುಂದಿನ ವಾರ ಕಮ್ಯೂನಿನ, ಅಂದರೆ ಪುರಸಭೆಯ, ಮರಗಳ ಅಧಿಕಾರಿ ಹಿಲ್ಲೆವಿ ಕಾರಿನಿಂದ ಇಳಿದಳು. ನಮ್ಮ ಪುರಸಭೆಯ ಅಧಿಕಾರಿಗಳು ನಾಗರಿಕರಿಗೆ ನೋವಾಗದಂತೆ ಮಾತಾಡುವ ತರಬೇತಿ ಪಡೆದವರು. ಅದರಿಂದ ಅವರು ಏನು ಹೇಳಿದರು ಎಂಬುದು ಯಾರಿಗೂ ತಿಳಿಯುವುದಿಲ್ಲ.

"ದೊಡ್ಡ ಮರಗಳ ವಿಷಯದಲ್ಲಿ ನಿಮ್ಮ ಹೆಸರು ಕಿವಿಗೆ ಬಿತ್ತು," ಎಂದಳು ಮೃದುವಾಗಿ.

"ಹೆಸರು ಅಲ್ಲಿ ತನಕ ಹೋಗಿದ್ಯಾ!" ಎಂದ ಎಸ್ಕಿಲ್. ಅವನ ಕಿವಿ ಕೆಂಪಾದವು.

"ಇಂಥ ಸಂದರ್ಭದಲ್ಲಿ ಮೊದಲೇ ನಮ್ಮ ಜೊತೆ ಒಂದು ಮಾತು ಆಡಿದ್ರೆ ಎಲ್ಲರಿಗೂ ಒಳ್ಳೇದು ಅಂತ ನಮ್ಮ ಅಭಿಪ್ರಾಯ."

"ಖಂಡಿತ. ನೀವು ಹೇಳಿ, ಯಾವಾಗ ಬೇಕಾದ್ರೂ ಬರ್ತೀನಿ. ಗರಗಸ ಮಸೆದು ಇಟ್ಟಿದೀನಿ."

ಹಿಲ್ಲೆವಿ ಒಂದು ಹೆಜ್ಜೆ ಹಿಂದೆ ಸರಿದಳು. "ಮಸೆದು... ಇಟ್ಟಿದೀರಾ."

"ದಿನಾ ಮಸೀತೀನಿ."

ಅವಳು ಲಿಂಡೆನ್ ಮರದ ಹತ್ತಿರ ಹೋಗಿ ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟು ನಿಂತಳು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತ ಹಾಗೆ. ಆಮೇಲೆ ಕಾರು ಹತ್ತಿ ಹೋದಳು. ಎಸ್ಕಿಲ್ ಒಳಗೆ ಬಂದು ಹೆಂಡತಿಗೆ ಘೋಷಿಸಿದ: "ಕಮ್ಯೂನಿನವರಿಗೂ ನಾನೇ ಬೇಕಂತೆ."

ಮರುದಿನ ರಸ್ತೆ ಬದಿಯ ಅಂಚೆ ಡಬ್ಬಿಗಳ ಪಕ್ಕದ ಹಲಗೆಯ ಮೇಲೆ ಡಾಗ್ನಿ ಒಂದು ಚೀಟಿ ಅಂಟಿಸಿದಳು. ರಸ್ತೆ ಸಂಘದ ಸಭೆ. ವಿಷಯ: ದೊಡ್ಡ ಮರ. ಕಾಫಿ ಉಂಟು.

ಎಸ್ಕಿಲನ ಪಾಲಿಗೆ ಇದಕ್ಕೆ ಒಂದೇ ಅರ್ಥ. ಪ್ರತಿ ಶರತ್ಕಾಲದ ಬಿರುಗಾಳಿಗೆ ನಮ್ಮ ರಸ್ತೆಯ ಮೇಲೆ ದೊಡ್ಡ ದೊಡ್ಡ ಮರಗಳು ಅಡ್ಡ ಬೀಳುತ್ತವೆ. ಅವನ್ನು ಕತ್ತರಿಸಿ ದಾರಿ ಬಿಡಿಸಲು ಸಂಘ ಒಬ್ಬನನ್ನು ನೇಮಿಸುತ್ತದೆ. ಸಂಬಳವಿಲ್ಲ, ಆದರೆ ಕಿತ್ತಳೆ ಬಣ್ಣದ ಜಾಕೆಟ್ ಕೊಡುತ್ತಾರೆ. ಊರಿನಲ್ಲಿ ಅದಕ್ಕಿಂತ ದೊಡ್ಡ ಪದವಿ ಇಲ್ಲ. ಹಿಂದೆ ಆ ಕೆಲಸದಲ್ಲಿದ್ದವನು ಮಗಳ ಊರಿಗೆ ಹೋದ ಮೇಲೆ ಆ ಜಾಕೆಟ್ ಖಾಲಿ ನೇತಾಡುತ್ತಿತ್ತು. ಎಸ್ಕಿಲ್ ಕನ್ನಡಿಯ ಮುಂದೆ ನಿಂತು ಸ್ವೀಕಾರ ಭಾಷಣ ಅಭ್ಯಾಸ ಮಾಡಿದ.

ಊರಿನ ಸಭಾಭವನದಲ್ಲಿ ಅಂದು ಹಿಂದೆಂದೂ ಸೇರದಷ್ಟು ಜನ. ಎಲ್ಲರೂ ಸದ್ದಿಲ್ಲದೆ ಕಾಫಿ ಕುಡಿಯುತ್ತಿದ್ದರು. ಆಲ್ಗೋತ್ ಕೊನೆಯ ಸಾಲಿನಲ್ಲಿ, ಇಗರ್ಜಿಗೆ ಹಾಕುವ ಕಪ್ಪು ಕೋಟು ಹಾಕಿ ಕೂತಿದ್ದ. ಹಿಲ್ಲೆವಿ ಬಾಗಿಲ ಹತ್ತಿರ ನಿಂತಿದ್ದಳು. ಡಾಗ್ನಿ ಚಮಚದಿಂದ ಕಪ್ಪು ಬಡಿದಳು.

"ವಿಷಯ ಎಲ್ಲರಿಗೂ ಗೊತ್ತಿದೆ. ದೊಡ್ಡ ಮರ. ಎಸ್ಕಿಲ್, ನೀನೇನಾದ್ರೂ ಹೇಳೋದಿದೆಯಾ?"

ಎಸ್ಕಿಲ್ ಎದ್ದ. ಏಳುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು. ಜನ ಅದನ್ನು ಗಾಂಭೀರ್ಯ ಎಂದುಕೊಂಡರು.

"ಊರಿನವರೇ," ಎಂದ. "ಈ ಜವಾಬ್ದಾರಿ ಸಣ್ಣದಲ್ಲ. ಆದ್ರೆ ನಾನು ಹಿಂದೆ ಮುಂದೆ ನೋಡೋನಲ್ಲ. ಮರ ಎಷ್ಟೇ ದಪ್ಪ ಇರಲಿ, ಎಷ್ಟೇ ಹಳೇದಿರಲಿ, ಅರ್ಧ ಗಂಟೆ ಸಾಕು ನಂಗೆ. ತುಂಡು ತುಂಡು ಮಾಡ್ತೀನಿ. ಯಾರಿಗೆ ಸೌದೆ ಬೇಕೋ ಅವರು ಗಾಡಿ ತಂದು ಒಯ್ಯಬಹುದು. ಒಟ್ಟಿನಲ್ಲಿ ದಾರಿ ಸಾಫ್ ಆಗ್ಬೇಕು, ಬೆಳಕು ಬರ್ಬೇಕು."

ಚಪ್ಪಾಳೆಗಾಗಿ ಅವನು ನಿಲ್ಲಿಸಿದ. ಯಾರದೋ ಕೈಯಿಂದ ಬನ್ನು ಬಿತ್ತು. ರೂನೆಯ ಹೆಂಡತಿ "ನನ್ನ ಓಸ್ಟ್‌ಕಾಕ ವಾಪಸ್ ಕೊಡಿ," ಎಂದು ಕೂಗಿದಳು. ಕೊನೆಯ ಸಾಲಿನಲ್ಲಿ ಆಲ್ಗೋತ್ ಎದ್ದು ನಿಂತ. ಅವನಿಗೂ ಏಳುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು.

"ಎಸ್ಕಿಲ್," ಎಂದ. "ಆ ಮರದಲ್ಲಿ ಅರ್ಧ ನಂದು. ನನ್ನ ಅರ್ಧಕ್ಕೆ ನಿನ್ನ ಗರಗಸ ತಾಗಿಸಿದ್ರೆ ನೋಡು. ಇಷ್ಟು ವರ್ಷ ಒಂದೇ ಬೆಂಚಲ್ಲಿ ಕೂತು ಕಾಫಿ ಕುಡಿದೋನು ನೀನು. ಒಂದು ಮಾತು ಹೇಳಬಾರದಾಗಿತ್ತಾ ನಂಗೆ?"

"ಯಾವ ಮರ?" ಎಂದ ಎಸ್ಕಿಲ್.

"ಯಾವ ಮರ ಅಂತೆ! ಲಿಂಡೆನ್!"

"ಲಿಂಡೆನ್ ಯಾಕೋ ಕಡೀಲಿ ನಾನು?"

"ಇಪ್ಪತ್ತೆಂಟು ಇಂಚು!" ಎಂದು ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು.

ಡಾಗ್ನಿ ಮೇಜು ಗುದ್ದಿದಳು. "ನಿನ್ನ ಕಾಡಲ್ಲಿರೋ ದಪ್ಪ ಸ್ಪ್ರೂಸು ನನ್ನ ಸೊಂಟದಷ್ಟಿದೆ. ಅದಕ್ಕೆ ಇಪ್ಪತ್ತೆಂಟು ಇಂಚು ಯಾಕಪ್ಪಾ? ದಪ್ಪ ಮರ ಇದೆ ಅಂತ ಅಂಗಡೀಲಿ ನೀನೇ ಹೇಳ್ದೆ. ಯಾವುದದು? ತೋರಿಸು!"

ಎಸ್ಕಿಲ್ ಸುತ್ತಲೂ ನೋಡಿದ. ಓಸ್ಟ್‌ಕಾಕ, ಸೈಕಲ್ ಇಳಿದು ಹೋದವರು, ಹಿಲ್ಲೆವಿಯ ಮೃದು ಮಾತು, ಎಲ್ಲವೂ ಒಂದೊಂದಾಗಿ ಅವನ ತಲೆಗೆ ಹೊಕ್ಕಿತು. ಗೌರವ ಅಲ್ಲ, ಗಡಗಡ ನಡುಕ! ಈಗ ಎರಡೇ ದಾರಿ. ಬಾಯಿ ಮುಚ್ಚಿ ನಿಂತರೆ ಸೊಂಟದ ಮಾನ ಉಳಿಯುತ್ತದೆ, ಕಾಡು ಉಳಿಯುತ್ತದೆ, ಆಲ್ಗೋತ್ ಹೋಗುತ್ತಾನೆ. ಬಾಯಿ ಬಿಟ್ಟರೆ ನಾಳೆಯಿಂದ ಬಾಗಿಲ ಚಿಲಕ ಹಿಡಿದುಕೊಂಡು ಕಾಡಿನ ಬೆಲೆ ಕೇಳುವವರ ಸಾಲು. ಅವನು ಕೊನೆಯ ಸಾಲಿನ ಆ ಕಪ್ಪು ಕೋಟನ್ನು ನೋಡಿದ. ಹೆಂಡತಿಯ ಮಣ್ಣಿನ ದಿನ ಆಲ್ಗೋತ್ ಅದನ್ನೇ ಹಾಕಿದ್ದ.

"ದಪ್ಪ ಮರ ಇಲ್ಲ," ಎಂದ ಎಸ್ಕಿಲ್. "ಸೊಂಟ ನೋವಿದೆ."

ಗುನ್‌ವೋರ್ ಕಾಫಿಗೆ ಸಕ್ಕರೆ ಹಾಕಿಕೊಂಡಳು. ಅವಳು ಸಕ್ಕರೆ ಹಾಕಿಕೊಳ್ಳುವುದು ಹಬ್ಬದ ದಿನ ಮಾತ್ರ.

"ಬಗ್ಗೋಕಾಗಲ್ಲ. ಉದ್ದನೆ ಬಾರಾದ್ರೆ ನಿಂತೇ ಕೊಂಬೆ ಸವರಬಹುದು ಅಂದ್ಕೊಂಡೆ. ಅಂಗಡೀಲಿ ಡಾಗ್ನಿ ಮೂಟೆ ಎತ್ತಿದ್ರಲ್ಲ, ಅವರ ಮುಂದೆ ಹೇಳೋಕೆ ನಾಚಿಕೆ ಆಯ್ತು. ಅಷ್ಟೇ."

"ಸುಳ್ಳು!" ಎಂದ ರೂನೆ. "ಬಾರು ಮಾರೋನು ನಾನು, ಇಂಥ ಕಾರಣ ನಾನು ಕೇಳೇ ಇಲ್ಲ."

ಡಾಗ್ನಿ ನ್ಯಾಯಾಧೀಶರ ಗತ್ತಿನಲ್ಲಿ ತನ್ನ ಚಮಚವನ್ನು ಎತ್ತಿ ಹಿಡಿದು, ಎಸ್ಕಿಲನ ಕಾಲ ಬುಡಕ್ಕೆ ಟಣ್ಣೆಂದು ಎಸೆದಳು.

"ಎತ್ತು ನೋಡೋಣ."

ಎಸ್ಕಿಲ್ ಚಮಚವನ್ನು ನೋಡಿದ. ದೇವರನ್ನು ನೆನೆದ. ಕೈ ಚಾಚಿ ಬಗ್ಗಿದ. ಅರ್ಧ ದಾರಿಯಲ್ಲಿ ಕಟಕ್ ಎಂದಿತು. ಅವನು ಅಲ್ಲೇ ನಿಂತ. ಮೇಲೂ ಇಲ್ಲ, ಕೆಳಗೂ ಇಲ್ಲ. ಚಮಚ ನೆಲದ ಮೇಲೇ ಇತ್ತು.

ಕೊನೆಯ ಸಾಲಿನಿಂದ ಆಲ್ಗೋತ್ ದಡದಡನೆ ಬಂದ. "ಇರು ಮಾರಾಯ, ನಾನೆತ್ತಿ ಕೊಡ್ತೀನಿ," ಎಂದು ಅವನ ಎದುರಿಗೆ ಬಗ್ಗಿದ.

ಕಟಕ್.

ಇಬ್ಬರೂ ಮುಖಕ್ಕೆ ಮುಖ ಕೊಟ್ಟು, ಚಮಚದ ಮೇಲೆ ಮಾಡು ಕಟ್ಟಿದಂತೆ ನಿಂತರು.

"ನಿಂಗೂನಾ?" ಎಂದ ಎಸ್ಕಿಲ್ ಪಿಸುದನಿಯಲ್ಲಿ.

"ಮೂರು ಚಳಿಗಾಲ ಆಯ್ತು," ಎಂದ ಆಲ್ಗೋತ್.

"ಮತ್ತೆ ಶನಿವಾರ ಶನಿವಾರ ಅಷ್ಟು ಹೊತ್ತು ಕೂರ್ತಿದ್ಯಲ್ಲೋ ಬೆಂಚಲ್ಲಿ?"

"ನೀನು ಮೊದಲು ಎದ್ದು ಹೋಗ್ಲಿ ಅಂತ ಕಾಯ್ತಿದ್ದೆ. ನಿನ್ನ ಮುಂದೆ ಹೇಗೆ ಏಳ್ಲಿ, ಅಜ್ಜನ ಹಾಗೆ ನರಳ್ಕೊಂಡು?"

"ಅಯ್ಯೋ ನಿನ್ನ!" ಎಂದ ಎಸ್ಕಿಲ್. "ನಾನೂ ಅದಕ್ಕೇ ಕೂರ್ತಿದ್ದೆ!"

ಮೊದಲು ನಕ್ಕವಳು ಗುನ್‌ವೋರ್. ಚಳಿಗಾಲದುದ್ದಕ್ಕೂ ಕೂಡಿಟ್ಟ ನಗು. ಅದು ಸಲೀಸಾಗಿ ನಿಲ್ಲಲಿಲ್ಲ. ಆಮೇಲೆ ಇಡೀ ಭವನ ನಕ್ಕಿತು. ಪಾದ್ರಿ ಮಾತ್ರ ತಾನು ಮದುವೆಯಲ್ಲಿ ಕೊಟ್ಟ ಬೆಂಚಿನ ಉದಾಹರಣೆ ನೆನಪಾಗಿ ಕಿಟಕಿಯ ಕಡೆ ಮುಖ ತಿರುಗಿಸಿದ. ರೂನೆ ಮುಂದೆ ಬಂದು ಮೆಲ್ಲಗೆ, "ನಿಜ ಹೇಳ್ಬೇಕಂದ್ರೆ ಆ ಗರಗಸ ಮೇಜಿನ ಮೇಲಿಟ್ಟಾಗಿಂದ ನಂಗೂ ಎಡಗಡೆ..." ಎಂದ. ಅವನ ಹಿಂದೆ ಡೈರಿಯವನು ಕೈಯೆತ್ತಿದ. ಅವನ ಹಿಂದೆ ಇನ್ನೊಬ್ಬ. ಸಭೆಯಲ್ಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೈಯೆತ್ತಿದರು. ಎಲ್ಲರೂ ಕಾಡು ಮಾರುವುದಾದರೆ ಕೊಳ್ಳುವವರು ಯಾರೂ ಉಳಿಯುವುದಿಲ್ಲ ಎಂದು ಅರಿವಾಗಿ ಊರಿಗೆ ದೊಡ್ಡ ಸಮಾಧಾನವಾಯಿತು.

ಡಾಗ್ನಿ ಬಂದು ಚಮಚ ಎತ್ತಿದಳು. ಆಮೇಲೆ ಇಬ್ಬರನ್ನೂ ಭುಜ ಹಿಡಿದು ನೆಟ್ಟಗೆ ಮಾಡಿದಳು. ಗೂಟಕ್ಕೆ ನೇತಾಡುತ್ತಿದ್ದ ಕಿತ್ತಳೆ ಜಾಕೆಟನ್ನು ತಾನೇ ತೊಟ್ಟುಕೊಂಡು, "ರಸ್ತೆಗೆ ಬೀಳೋ ಮರ ನಾನು ನೋಡ್ಕೋತೀನಿ. ಗರಗಸ ನೀನು ಕೊಡು," ಎಂದಳು. ಸಭೆ ಮುಗಿಯಿತು. ಹಿಲ್ಲೆವಿ ಹೊರಡುವ ಮೊದಲು ಎಸ್ಕಿಲನ ಹತ್ತಿರ ಬಂದು, ಜೀವನದಲ್ಲಿ ಮೊದಲ ಸಲ ನೇರವಾಗಿ, "ನಂಗೆ ತುಂಬ ಹೆದರಿಕೆ ಆಗಿತ್ತು," ಎಂದಳು.

ಶನಿವಾರ ಲಿಂಡೆನ್ ಕೆಳಗೆ ಜನ ಸೇರಿದರು. ಬೆಂಚು ಎತ್ತರಿಸುವ ಕಾರ್ಯಕ್ರಮ. ಇಪ್ಪತ್ತೆಂಟು ಇಂಚಿನ ಗರಗಸವನ್ನು ಎಸ್ಕಿಲ್ ಕೊನೆಯ ಸಲ ಗುಡುಗಿಸಿದ. ಕೆನಡಾದವನ ಠೀವಿಯಲ್ಲಿ ನೆಟ್ಟಗೆ ನಿಂತು, ತೊಡೆಯಷ್ಟೇ ದಪ್ಪದ ಒಂದು ಸ್ಪ್ರೂಸ್ ತುಂಡಿನಿಂದ ಬೆಂಚಿನ ಕಾಲಿಗೆ ಒತ್ತು ಕೊಡಲು ನಾಲ್ಕು ಕೊರಡು ಕತ್ತರಿಸಿದ. "ಇಷ್ಟಕ್ಕೆ ಹದಿನೈದು ಇಂಚು ಸಾಕಿತ್ತು," ಎಂದ ರೂನೆ. ಡಾಗ್ನಿಯೂ ಗುನ್‌ವೋರಳೂ ಬೆಂಚು ಕಿತ್ತು ಕೊರಡಿನ ಮೇಲೆ ಕೂರಿಸಿದರು. ಕೆಲಸವಾದ ಮೇಲೆ ಡಾಗ್ನಿ ಗರಗಸವನ್ನು ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು.

ಬೆಂಚು ವಿಪರೀತ ಎತ್ತರವಾಗಿತ್ತು. ಬಗ್ಗಿ ಅಳತೆ ತೆಗೆಯುವವರು ಯಾರು? ಎಸ್ಕಿಲನೂ ಆಲ್ಗೋತನೂ ನಿಂತಲ್ಲಿಂದಲೇ ಕಣ್ಣಳತೆಯಲ್ಲಿ ಹೇಳಿದ್ದರು. ಈಗ ಇಬ್ಬರೂ ಅಡುಗೆ ಮನೆಯ ಮಣೆ ತರಿಸಿ, ಅದರ ಮೇಲೆ ಕಾಲಿಟ್ಟು ಹತ್ತಿ ಕೂತರು. ನಾಲ್ಕು ಕಾಲುಗಳು ಗಾಳಿಯಲ್ಲಿ ತೂಗಾಡುತ್ತಿದ್ದವು.

"ಇಳಿಯೋದು ಸುಲಭ," ಎಂದ ಆಲ್ಗೋತ್. ತೋರಿಸಲೆಂದು ಜಾರಿ ನೆಲಕ್ಕೆ ನಿಂತ. ಸೊಂಟ ಒಂದು ಮಾತೂ ಆಡಲಿಲ್ಲ. ಎಸ್ಕಿಲನೂ ಇಳಿದು ನೋಡಿದ. ಅದ್ಭುತ. ಇನ್ನು ಯಾರು ಯಾವಾಗ ಬೇಕಾದರೂ ಎದ್ದು ಮನೆಗೆ ಹೋಗಬಹುದು.

ಇಬ್ಬರೂ ಮತ್ತೆ ಮಣೆ ಹತ್ತಿ ಕೂತರು. ಫ್ಲಾಸ್ಕು ಖಾಲಿಯಾಯಿತು. ಮಾತು ಅದಕ್ಕೂ ಮೊದಲೇ ಖಾಲಿಯಾಗಿತ್ತು. ಬಿಸಿಲು ಇಳಿಯಿತು, ಸೊಳ್ಳೆ ಬಂದವು, ಗುನ್‌ವೋರ್ ಕಿಟಕಿಯಿಂದ ಒಂದು ಸಲ ಕರೆದಳು.

"ನಿನ್ನ ಕರೀತಿದಾಳೆ," ಎಂದ ಆಲ್ಗೋತ್.

"ಕೇಳಿಸ್ತು," ಎಂದ ಎಸ್ಕಿಲ್. ಕಾಲು ತೂಗಾಡಿಸುತ್ತಾ ಅಲ್ಲೇ ಕೂತ.